ದುಂಡು ಪೌಂಡಿನ ಗಂಟು: ಬ್ರಿಟನ್ನಿಗೆ ಹೊರಟ ಮಲೆನಾಡಿನವರಿಗೆ

ಕಳೆದ ಬೇಸಿಗೆಯಲ್ಲಿ ಪಕ್ಕದ ಊರಿನ ಹುಡುಗಿಯೊಬ್ಬಳು ತೀರ್ಥಹಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಓದಲು ಹೊರಟವಳು. ಹಿಂದೊಮ್ಮೆ ಅಲ್ಲಿ ಕೆಲಸ ಮಾಡಿ ಬಂದಿದ್ದ ಅವಳ ದೊಡ್ಡಪ್ಪ, ಬೀರುವಿನಲ್ಲಿ ಉಳಿದಿದ್ದ ಹನ್ನೆರಡು ಪೌಂಡು ನಾಣ್ಯ ಮತ್ತು ಇಪ್ಪತ್ತರ ಎರಡು ಕಾಗದದ ನೋಟುಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ, ‘ಇಳಿದ ಕೂಡಲೇ ಬಸ್ಸಿಗೆ ಆಗುತ್ತದೆ’ ಎಂದು ಕೊಟ್ಟಿದ್ದರು. ಬಿಚ್ಚಿ ನೋಡಿದರೆ ನಾಣ್ಯಗಳೆಲ್ಲ ದುಂಡಗಿವೆ.

ದುಂಡು ಪೌಂಡು 2017ರ ಅಕ್ಟೋಬರ್ 15ರಂದೇ ಚಲಾವಣೆಯಿಂದ ಹೋಯಿತು. ಹೋಗಿದ್ದೇ ಖೋಟಾಗಳ ಕಾಟದಿಂದ. ಸುಮಾರು ಮೂವತ್ತಕ್ಕೊಂದು ನಾಣ್ಯ ಖೋಟಾ ಎಂದು ಅಲ್ಲಿನ ಟಂಕಸಾಲೆಯೇ ಅಂದಾಜು ಮಾಡಿತ್ತು. ಕಾಗದದ ಇಪ್ಪತ್ತು ಮತ್ತು ಐವತ್ತರ ನೋಟುಗಳೂ 2022ರ ಸೆಪ್ಟೆಂಬರ್ 30ಕ್ಕೆ ಮುಗಿದವು, ಈಗ ಪ್ಲಾಸ್ಟಿಕ್ಕಿನವು. ಹಾಗೆಂದು ಒಲೆಗೆ ಹಾಕಬೇಕಿಲ್ಲ. ಹಳೆಯ ನೋಟನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಯಾವಾಗ ಬೇಕಾದರೂ ಬದಲಿಸಿಕೊಡುತ್ತದೆ, ಅಂಚೆಯಲ್ಲಿ ಕಳಿಸಿದರೂ ಸರಿ. ದುಂಡು ನಾಣ್ಯವನ್ನು ಹೆಚ್ಚಿನ ಬ್ಯಾಂಕುಗಳು ಗ್ರಾಹಕರ ಖಾತೆಗೆ ಜಮಾ ಮಾಡಿಕೊಳ್ಳುತ್ತವೆ. ಇನ್ನು ಬಸ್ಸಿನ ಮಾತು: ಲಂಡನ್ನಿನ ಬಸ್ಸುಗಳು ನಗದು ಮುಟ್ಟುವುದನ್ನು ಬಿಟ್ಟದ್ದು 2014ರಲ್ಲಿ. ಹುಡುಗಿ ಹೋದ ಮೇಲೆ ನಾಣ್ಯಗಳನ್ನು ಬ್ಯಾಂಕಿಗೆ ಒಯ್ದಳು. ಹನ್ನೊಂದು ಜಮಾ ಆದವು, ಒಂದು ಖೋಟಾ. ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ.

ಈಗಿನ ಪೌಂಡಿಗೆ ಹನ್ನೆರಡು ಬದಿ, ಎರಡು ಲೋಹ: ಹೊರಗೆ ಹಳದಿ, ಒಳಗೆ ಬಿಳಿ. ತೂಕ 8.75 ಗ್ರಾಂ. ಓರೆ ಮಾಡಿದರೆ ಒಂದು ಪುಟ್ಟ ಚಿತ್ರ ಪೌಂಡಿನ ಚಿಹ್ನೆಯಿಂದ 1 ಅಂಕಿಗೆ ಬದಲಾಗಬೇಕು. ಅಂಚಿನಲ್ಲಿ ಒಂದು ಬದಿಗೆ ಗೀರು, ಪಕ್ಕದ ಬದಿ ನುಣುಪು, ಹೀಗೆ ಸುತ್ತಲೂ. ರಾಶಿ, ಬೆಟ್ಟೆ, ಗೊರಬಲು ಎಂದು ಮಾತಾಡುತ್ತಲೇ ಅಡಿಕೆ ಬೇರ್ಪಡಿಸುವ ಕೈಗೆ ಇದೇನು ಮಹಾ ವಿದ್ಯೆಯಲ್ಲ. ಹೆಬ್ಬೆರಳು ಒಮ್ಮೆ ಅಂಚಿನ ಮೇಲೆ ಓಡಿದರೆ ಸಾಕು.

ಕಷ್ಟ ಇರುವುದು ಖೋಟಾ ಸಿಕ್ಕ ಮೇಲೆ. ಹರಿದ ನೋಟನ್ನು ಮಡಚಿ, ನಾಲ್ಕು ಒಳ್ಳೆಯ ನೋಟಿನ ನಡುವೆ ಇಟ್ಟು ಸಂತೆಯಲ್ಲಿ ದಾಟಿಸುವ ಕಲೆ ನಮಗೆಲ್ಲ ಗೊತ್ತು. ಅಲ್ಲಿ ಖೋಟಾ ಎಂದು ತಿಳಿದೂ ನಾಣ್ಯವನ್ನು ಇನ್ನೊಬ್ಬರಿಗೆ ದಾಟಿಸಿದರೆ 1981ರ ಕಾಯ್ದೆಯಡಿ ಅಪರಾಧ. ಪೊಲೀಸರಿಗೆ ಒಪ್ಪಿಸಬೇಕು, ಬದಲಿಗೆ ಏನೂ ಸಿಗುವುದಿಲ್ಲ. ಒಂದು ಪೌಂಡು ಹೋಯಿತು ಎಂದುಕೊಳ್ಳಿ. ನಮ್ಮಲ್ಲಿ ಕಥೆ ತಿರುಗುಮುರುಗು: ಹತ್ತು ರೂಪಾಯಿಯ 14 ವಿನ್ಯಾಸಗಳೂ ಸಕ್ರಮ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿದ ಮೇಲೂ ಒಳ್ಳೆಯ ನಾಣ್ಯವನ್ನೇ ಅಂಗಡಿಯವರು ತಿರುಗಿಸಿ ತಳ್ಳುತ್ತಾರೆ.

ಮೋಸ ನಾಣ್ಯದಲ್ಲಷ್ಟೇ ಅಲ್ಲ, ಇಮೇಲಿನಲ್ಲೂ ಬರುತ್ತದೆ. ಅದಕ್ಕೆ ನಾನೇ ಬಿದ್ದಿದ್ದೇನೆ. ಅಲ್ಲಿ ಸೇರಿದ ಮೊದಲ ವರ್ಷ, ‘ನಿಮಗೆ ತೆರಿಗೆ ಮರುಪಾವತಿ ಬಂದಿದೆ’ ಎಂಬ ಇಮೇಲ್. ಸರ್ಕಾರದ ಕಿರೀಟದ ಗುರುತು, ಪೆನ್ಸ್‌ವರೆಗೆ ಲೆಕ್ಕ ಹಾಕಿದ ಮೊತ್ತ. ಕಾರ್ಡಿನ ಸಂಖ್ಯೆ ತುಂಬಿದೆ. ಸಂಜೆಯೊಳಗೆ ಹಣ ಕೈಬಿಟ್ಟಿತು. ನಾನು ಮಾಡಿದ ದೊಡ್ಡ ತಪ್ಪು ಅದಲ್ಲ. ಮೂರು ದಿನ ಯಾರಿಗೂ ಹೇಳದೆ ಕುಳಿತದ್ದು. ಲೆಕ್ಕಶಾಸ್ತ್ರ ಓದಿದವನು ಮೋಸ ಹೋದ ಎಂದು ಊರಿಗೆ ಗೊತ್ತಾದರೆ! ಆ ಮೂರು ದಿನದಲ್ಲಿ ಇನ್ನೆರಡು ಸಲ ಕಾರ್ಡು ಉಜ್ಜಿದರು.

ಅಲ್ಲಿನ ವ್ಯವಸ್ಥೆ ನಿಂತಿರುವುದು ನೀವು ಬಾಯಿ ಬಿಡುವುದರ ಮೇಲೆ. ಅನುಮಾನದ ಇಮೇಲನ್ನು report@phishing.gov.uk ವಿಳಾಸಕ್ಕೆ, ಎಸ್ಸೆಮ್ಮೆಸ್ಸನ್ನು 7726ಕ್ಕೆ ಕಳಿಸಿ; ಎರಡಕ್ಕೂ ಕಾಸಿಲ್ಲ. ಬ್ಯಾಂಕಿನವರು ಎಂದು ಯಾರಾದರೂ ಕರೆ ಮಾಡಿದರೆ ಇಟ್ಟುಬಿಟ್ಟು ನೀವೇ 159 ಒತ್ತಿ. ಬಹುತೇಕ ದೊಡ್ಡ ಬ್ಯಾಂಕುಗಳಿಗೆ ಅದು ಸಂಪರ್ಕ ಕೊಡುತ್ತದೆ. ‘ವೀಸಾ ರದ್ದಾಗುತ್ತದೆ, ಈಗಲೇ ದಂಡ ಕಟ್ಟಿ’ ಎಂದು ಗದರಿಸುವ ಕರೆ ಗೃಹ ಇಲಾಖೆಯದ್ದಲ್ಲ. ಆ ಇಲಾಖೆ ಫೋನಿನಲ್ಲಿ ದಂಡ ವಸೂಲಿ ಮಾಡುವುದಿಲ್ಲ.

ನಂಬಿಸಿ ನಿಮ್ಮ ಕೈಯಿಂದಲೇ ಹಣ ವರ್ಗಾಯಿಸಿಕೊಂಡರೂ ದಾರಿಯಿದೆ. 2024ರ ಅಕ್ಟೋಬರ್ 7ರಿಂದ ಇಂಥ ಮೋಸದಲ್ಲಿ 85,000 ಪೌಂಡಿನವರೆಗೆ ಬ್ಯಾಂಕು ಮರಳಿಸಬೇಕೆಂಬ ನಿಯಮ ಬಂದಿದೆ. ಕಳಿಸಿದ ಬ್ಯಾಂಕು ಅರ್ಧ, ಪಡೆದ ಬ್ಯಾಂಕು ಅರ್ಧ ಭರಿಸುತ್ತವೆ. 100 ಪೌಂಡಿನವರೆಗೆ ಮುರಿದುಕೊಳ್ಳಬಹುದು. ದೂರು ಕೊಡಲು 13 ತಿಂಗಳು ಅವಕಾಶ. ಆದರೆ ಇದು ಬ್ರಿಟನ್ನಿನ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದ ಹಣಕ್ಕೆ ಮಾತ್ರ. ಭಾರತದ ಖಾತೆಗೆ ಕಳಿಸಿದ್ದಕ್ಕೆ ಈ ರಕ್ಷಣೆ ಇಲ್ಲ.

ನಮ್ಮವರ ನಡುವೆ ನಡೆಯುವ ‘ನೀನು ಅಲ್ಲಿ ಪೌಂಡು ಕೊಡು, ನಮ್ಮಪ್ಪ ಶಿವಮೊಗ್ಗದಲ್ಲಿ ರೂಪಾಯಿ ಕೊಡುತ್ತಾರೆ’ ಎಂಬ ವ್ಯವಹಾರ ಅದಕ್ಕೇ ಅಪಾಯ. ಅದಕ್ಕಿಂತ ಅಪಾಯ, ನಾಲ್ಕು ದಿನಕ್ಕೆ ಖಾತೆ ಕೊಟ್ಟು ಕಮಿಷನ್ ಪಡೆಯುವುದು. ಬಂದದ್ದು ಕದ್ದ ಹಣವಾದರೆ ಖಾತೆ ಮುಚ್ಚುತ್ತಾರೆ, ವಂಚನೆ ದಾಖಲೆಯಲ್ಲಿ ಆರು ವರ್ಷ ಹೆಸರು ಉಳಿಯುತ್ತದೆ, ಮೊಬೈಲ್ ಸಿಮ್ಮಿನ ಕರಾರಿಗೂ ತೊಡಕು. ಅಕ್ರಮ ಹಣ ಸಾಗಣೆ ಸಾಬೀತಾದರೆ 14 ವರ್ಷದವರೆಗೆ ಜೈಲು. ಗೆಳೆಯನ ಮುಖ ನೋಡಿ ಒಪ್ಪಿದೆ ಎಂದರೆ ಕೇಳುವವರಿಲ್ಲ.

ಊರಿನಲ್ಲಿರುವ ಅಪ್ಪ ಅಮ್ಮನಿಗೂ ಒಂದು ಮಾತು. ‘ನಿಮ್ಮ ಮಗನನ್ನು ಲಂಡನ್ ಪೊಲೀಸರು ಹಿಡಿದಿದ್ದಾರೆ’ ಎಂಬ ಕರೆ ಬೆಳಗ್ಗೆ ಎಂಟಕ್ಕೆ ಬಂದರೆ, ಚಳಿಗಾಲದಲ್ಲಿ ಅಲ್ಲಿ ರಾತ್ರಿ ಎರಡೂವರೆ. ಮಗ ನಿದ್ದೆಯಲ್ಲಿರುತ್ತಾನೆ, ಫೋನ್ ಎತ್ತುವುದಿಲ್ಲ. ನಮ್ಮ ಕಡೆಯ ಸಿಗ್ನಲ್ಲಂತೂ ಗುಡ್ಡ ಹತ್ತಿದರೆ ಮಾತ್ರ. ಗಾಬರಿಯಲ್ಲಿ ಹಣ ಕಳಿಸಿದ್ದಾದರೆ ಕೂಡಲೇ ನಮ್ಮ ದೇಶದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೊರಡುವ ಮೊದಲೇ ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಪದ ಇಟ್ಟುಕೊಳ್ಳುವುದು ಒಳ್ಳೆಯದು: ಮಗನ ಧ್ವನಿಯಲ್ಲೇ ಕರೆ ಬಂದರೂ ಆ ಪದ ಕೇಳಬೇಕು. ನಮ್ಮ ಮನೆಯದು ಕೊಟ್ಟಿಗೆಯಲ್ಲಿದ್ದ ಒಂದು ಹಾಯುವ ಹಸುವಿನ ಹೆಸರು. ಯಾವುದೆಂದು ಇಲ್ಲಿ ಬರೆಯುವುದಿಲ್ಲ.