ಹೆಡ್‌ಫೋನ್ ಆಂಪ್ಲಿಫೈಯರ್: ಆಪ್-ಆಂಪ್ ಬದಲಿಸುವ ಮುನ್ನ ಅಳೆದು ನೋಡಿ
ಆಪ್-ಆಂಪ್ ಎಂದರೆ ಸದ್ದಿನ ಸಂಕೇತವನ್ನು ವರ್ಧಿಸುವ ಚಿಪ್. ಮನೆಯಲ್ಲಿ ಜೋಡಿಸಿದ ಹೆಡ್‌ಫೋನ್ ಆಂಪ್ಲಿಫೈಯರ್‌ನಲ್ಲಿ ಸದ್ದು ಒಡೆದು ಬರುತ್ತಿದ್ದರೆ, ಹೆಡ್‌ಫೋನ್ ಕಳಚಿ, ಇನ್‌ಪುಟ್ಟನ್ನು ಗ್ರೌಂಡಿಗೆ ಸೇರಿಸಿ, ಔಟ್‌ಪುಟ್ ಮತ್ತು ಗ್ರೌಂಡ್ ನಡುವಿನ ಡಿಸಿ ವೋಲ್ಟೇಜನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಅದು ಕೆಲವೇ ಮಿಲಿವೋಲ್ಟ್ ಇರಬೇಕು; 50 ಮಿಲಿವೋಲ್ಟ್ ದಾಟಿದ್ದರೆ ದಯವಿಟ್ಟು ಹೆಡ್‌ಫೋನ್ ಜೋಡಿಸಬೇಡಿ, ಏಕೆಂದರೆ ವೋಲ್ಟುಗಟ್ಟಲೆ ಡಿಸಿ ಹರಿದರೆ ಅದರ ಕಾಯಿಲ್ ಸುಟ್ಟುಹೋಗಬಹುದು.

ಔಟ್‌ಪುಟ್ ಪೂರೈಕೆ ವೋಲ್ಟೇಜಿನ ಸಮೀಪವೇ ನಿಂತುಬಿಟ್ಟಿದ್ದರೆ ಫೀಡ್‌ಬ್ಯಾಕ್ ರೆಸಿಸ್ಟರಿನ (ಔಟ್‌ಪುಟ್ಟಿನ ಪಾಲನ್ನು ಇನ್‌ಪುಟ್ಟಿಗೆ ಮರಳಿಸುವ ರೆಸಿಸ್ಟರಿನ) ಬೆಸುಗೆ ಬಿಟ್ಟಿರುವ ಸಾಧ್ಯತೆ ಹೆಚ್ಚು. ವಾಲ್ಯೂಮ್ ತಿರುಗಿಸಿದಂತೆ ಆಫ್‌ಸೆಟ್, ಅಂದರೆ ಮೇಲೆ ಅಳೆದ ಡಿಸಿ ವೋಲ್ಟೇಜ್, ಬದಲಾದರೆ ಅದು ಇನ್‌ಪುಟ್ ಬಯಾಸ್ ಕರೆಂಟಿನ (ಚಿಪ್‌ನ ಇನ್‌ಪುಟ್ ಪಿನ್‌ಗಳಲ್ಲಿ ಹರಿಯುವ ಅಲ್ಪ ಕರೆಂಟಿನ) ಪರಿಣಾಮ. ಎನ್‌ಇ5532 ಎಂಬ ಆಪ್-ಆಂಪ್‌ನಲ್ಲಿ ಇದು ಸಹಜ, ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಇನ್‌ಪುಟ್ಟಿನ ಒಪಿಎ2134ರಲ್ಲಿ ಬಹಳ ಕಡಿಮೆ.

ನನ್ನ ಅಭಿಪ್ರಾಯದಲ್ಲಿ ಹೆಚ್ಚು ಕಾಡುವ ದೋಷ ಆಸಿಲೇಷನ್, ಅಂದರೆ ಸಂಕೇತವಿಲ್ಲದೆಯೂ ಚಿಪ್‌ನ ಔಟ್‌ಪುಟ್ ತಾನಾಗಿಯೇ ಕಂಪಿಸುವುದು. ಹಾಡು ನುಡಿಸದಿದ್ದಾಗಲೂ ಚಿಪ್ ಬಿಸಿಯಾಗುತ್ತಿದ್ದರೆ, ಅದರಲ್ಲೂ ನಿಧಾನಗತಿಯ ಆಪ್-ಆಂಪ್ ತೆಗೆದು ವೇಗದ್ದನ್ನು ಹಾಕಿದ ಮೇಲೆ ಹೀಗಾಗಿದ್ದರೆ, ಇದನ್ನೇ ಮೊದಲು ಶಂಕಿಸಬೇಕು. ಕಿವಿಗೆ ಕೇಳಿಸದ ಈ ಕಂಪನವನ್ನು ಸಾಮಾನ್ಯ ಮಲ್ಟಿಮೀಟರ್ ತೋರಿಸುವುದಿಲ್ಲ, ಆಸಿಲೋಸ್ಕೋಪ್ ಬೇಕು. ಅದಿಲ್ಲದವರು ಪೂರೈಕೆ ಪಿನ್‌ಗಳಿಗೆ, ಅಂದರೆ ಎಂಟು ಪಿನ್‌ಗಳ ಡ್ಯುಯಲ್ (ಎರಡು ಆಪ್-ಆಂಪ್‌ಗಳಿರುವ) ಚಿಪ್‌ನಲ್ಲಿ 8 ಮತ್ತು 4ಕ್ಕೆ, ತೀರಾ ಸಮೀಪದಲ್ಲಿ 0.1 ಮೈಕ್ರೋಫ್ಯಾರಡ್‌ನ ಸಿರಾಮಿಕ್ ಕೆಪಾಸಿಟರ್‌ಗಳನ್ನು ಗ್ರೌಂಡಿಗೆ ಬೆಸೆದು, ಔಟ್‌ಪುಟ್ ದಾರಿಯಲ್ಲಿ 10ರಿಂದ 47 ಓಮ್‌ನ ರೆಸಿಸ್ಟರ್ ಸೇರಿಸಿ, ಚಿಪ್ ತಣ್ಣಗಾಗುತ್ತದೆಯೇ ಎಂದು ಗಮನಿಸಬಹುದು.