ಸ್ವೀಡನ್ನಿನ ಹಳೇ ಮೌಸರ್‌ಗೆ ತೋಟಾ ಕಟ್ಟುವುದು ಹೇಗೆ?

ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ ಊರಿನ ಕಾರ್ಲ್ ಗುಸ್ತಾಫ್ ಕಾರ್ಖಾನೆಯಲ್ಲಿ ತಯಾರಾದ ಎಂ/96 ಮೌಸರ್ ರೈಫಲ್‌ಗಳಲ್ಲಿ ಹಲವಕ್ಕೆ ನೂರು ವರ್ಷ ದಾಟಿದೆ. ಈಗಲೂ ಅವು 300 ಮೀಟರ್ ದೂರದ ಗುರಿಗೆ ನೇರವಾಗಿ ಹೊಡೆಯುತ್ತವೆ. ಇದೇ ಹಳೇ ಆ್ಯಕ್ಷನ್‌ಗೆ (ತೋಟಾ ಹಿಡಿದು ಸಿಡಿಸುವ ಭಾಗ) ದಪ್ಪ ನಳಿಗೆ ಮತ್ತು ಡಯಾಪ್ಟರ್ (ಸಣ್ಣ ರಂಧ್ರದ ಹಿಂದಿನ ಸೈಟ್) ಕೂರಿಸಿ, ಅಲ್ಲಿನ ಶೂಟಿಂಗ್ ಕ್ಲಬ್‌ಗಳಿಗಾಗಿ ಸಿಜಿ63 ಎಂಬ ಸ್ಪರ್ಧಾ ರೈಫಲ್ ಮಾಡಿದರು. ಇಂಥ ರೈಫಲ್‌ಗೆ ತೋಟಾ ಕಟ್ಟುವವರು, ಅಂದರೆ ಹಿತ್ತಾಳೆಯ ಕೇಸ್‌ನಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಮುಂದೆ ಹಾರುವ ಗುಂಡು ಕೂರಿಸುವವರು, ಮೊದಲು ಅದು ಯಾವ ಗುಂಡಿಗಾಗಿ ಹುಟ್ಟಿದ್ದು ಎಂದು ತಿಳಿಯಬೇಕು. ಮಿಕ್ಕ ಕೆಲಸವೆಲ್ಲ ಅದರಿಂದಲೇ ಹೊರಡುತ್ತದೆ.

ಒಂದು ಮಾತು ಮೊದಲೇ ಹೇಳಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಇದು ಕಾನೂನು ಒಪ್ಪುವ ದೇಶಗಳಲ್ಲಿ ಪರವಾನಗಿ ಪಡೆದು ರೇಂಜ್‌ಗೆ ಹೋಗುವವರಿಗಾಗಿ ಬರೆದದ್ದು.

ರೈಫಲ್ ಓದಿ

ಈ ರೈಫಲ್‌ನ ತೋಟಾ 6.5×55 (ನಳಿಗೆಯ ಒಳ ಅಳತೆ 6.5, ಕೇಸ್ ಉದ್ದ 55 ಮಿಲಿಮೀಟರ್) 1894ರ ಹೊತ್ತಿನದು. ಆಗ ಸ್ವೀಡನ್ ಮತ್ತು ನಾರ್ವೆ ಒಂದೇ ದೊರೆಯ ಕೆಳಗಿದ್ದವು, ತೋಟಾವನ್ನೂ ಒಟ್ಟಿಗೇ ರೂಪಿಸಿದವು. ಮೂಲ ಗುಂಡಿನ ತೂಕ 10.1 ಗ್ರಾಂ, ಅಂದರೆ 156 ಗ್ರೇನ್. ಉದ್ದ ಜಾಸ್ತಿ, ಮೂತಿ ದುಂಡು. ಅಷ್ಟುದ್ದದ ಗುಂಡು ಗಾಳಿಯಲ್ಲಿ ಓಲಾಡಬಾರದು ಅಂದರೆ ವೇಗವಾಗಿ ತಿರುಗಬೇಕು. ಅದಕ್ಕೇ ನಳಿಗೆಯೊಳಗಿನ ಸುರುಳಿ ಗೀರು ಸುಮಾರು 200 ಮಿಲಿಮೀಟರ್‌ಗೆ ಒಂದು ಸುತ್ತು ಹಾಕುತ್ತದೆ. ತೋಟಾ ಕೂರುವ ಚೇಂಬರ್‌ನ ಮುಂದಿನ ಗಂಟಲೂ ಆ ಉದ್ದಕ್ಕೆ ತಕ್ಕಂತೆಯೇ ಇದೆ. ಹಗುರವಾದ ಗಿಡ್ಡ ಗುಂಡು ಹಾಕಿದರೆ ಅದು ಗೀರು ಮುಟ್ಟುವ ಮೊದಲು ಖಾಲಿ ಜಾಗದಲ್ಲಿ ಹಾರಬೇಕಾಗುತ್ತದೆ. ಹೊಡೆತ ಚದುರಲು ಇದೂ ಒಂದು ಕಾರಣ. ಮುಂದೆ ಸೇನೆಗೆ ಬಂದ ಎಂ/41 ತೋಟಾದಲ್ಲಿ ಸುಮಾರು 9 ಗ್ರಾಂನ ಚೂಪು ಗುಂಡಿತ್ತು. ಇವತ್ತು 139-142 ಗ್ರೇನ್‌ನ ಸ್ಪರ್ಧಾ ಗುಂಡುಗಳು ಚೆನ್ನಾಗಿ ಹೊಂದುವುದೂ ಇದರಿಂದಲೇ. ಶುರು ಮಾಡುವವರು ಇವುಗಳಿಂದಲೇ ಶುರು ಮಾಡಲಿ ಎನ್ನುವುದು ನನ್ನ ಸಲಹೆ.

ಎಂ/96ರ ಮರದ ಹಿಡಿಯ ಮೇಲೆ ಹಿತ್ತಾಳೆಯ ಬಿಲ್ಲೆ ಇದ್ದರೆ ಅದನ್ನೂ ನೋಡಿ. ಅದರಲ್ಲಿ ಮೂರು ಭಾಗ. ಒಂದರಲ್ಲಿ ನಳಿಗೆಯ ಒಳ ಅಳತೆ, ಒಂದರಲ್ಲಿ ಒಳಗಿನ ಸ್ಥಿತಿ, ಇನ್ನೊಂದರಲ್ಲಿ ಚೂಪು ಗುಂಡಿಗೆ ಸೈಟ್ ಎಷ್ಟು ಸರಿಪಡಿಸಬೇಕು ಅನ್ನುವ ಗುರುತು. ಆದರೆ ಎಷ್ಟೋ ರೈಫಲ್‌ಗಳ ಮರವೋ ನಳಿಗೆಯೋ ನಡುವೆ ಬದಲಾಗಿರುತ್ತದೆ. ಬಿಲ್ಲೆಯನ್ನು ನಂಬಿ ಕೂರದೆ, ಬಂದೂಕು ರಿಪೇರಿ ಬಲ್ಲವರಿಂದ ಗೇಜ್ ಹಾಕಿಸಿ ಹೆಡ್‌ಸ್ಪೇಸ್ (ಚೇಂಬರ್ ಮುಚ್ಚುವ ಬೋಲ್ಟ್‌ನಿಂದ ಚೇಂಬರ್‌ನ ಭುಜದವರೆಗಿನ ಅಂತರ) ಪರೀಕ್ಷೆ ಮಾಡಿಸಿ. ಬೋಲ್ಟ್ ಮೇಲಿನ ನಂಬರ್ ರೈಫಲ್ ನಂಬರ್‌ಗೆ ಹೊಂದದಿದ್ದರಂತೂ ಇದನ್ನು ಬಿಡಲೇಬಾರದು.

ಕೇಸ್ ತಯಾರಿ

6.5×55 ಎಂದೇ ಮುದ್ರೆಯಿರುವ ಕೇಸ್ ಕೊಳ್ಳಿ. ಅಮೆರಿಕದ .30-06 ತೋಟಾದ ಕೇಸನ್ನು ಒತ್ತಿ ಇದಕ್ಕೆ ಹೊಂದಿಸುವವರಿದ್ದಾರೆ. ಅದರ ಬುಡ ಸುಮಾರು 12 ಮಿಲಿಮೀಟರ್, ಇದರದ್ದು 12.2. ಬುಡ ಸಡಿಲವಾಗಿ ಕೂತು ಉಬ್ಬುತ್ತದೆ, ಸುಮ್ನೆ ಅಪಾಯ ಯಾಕೆ? ಸ್ವೀಡಿಷ್ ಸೇನೆಯ ಹಳೇ ಕೇಸ್‌ಗಳಲ್ಲಿ ಬರ್ಡಾನ್ ಪ್ರೈಮರ್ ಇರುತ್ತದೆ, ಅಂದರೆ ಕೇಸ್‌ನ ಬುಡದಲ್ಲಿ ನಡುವೆ ಒಂದು ತೂತಿನ ಬದಲು ಬದಿಯಲ್ಲಿ ಎರಡು ಸಣ್ಣ ತೂತು. ಮಾಮೂಲಿ ಡೈನ (ಕೇಸನ್ನು ಒತ್ತಿ ಅಳತೆಗೆ ತರುವ ಅಚ್ಚು) ಪಿನ್ ಅದನ್ನು ಹೊರಹಾಕಲಾರದು, ಪಿನ್ನೇ ಮುರಿಯುತ್ತದೆ.

ನಿಮ್ಮದೇ ರೈಫಲ್‌ನಲ್ಲಿ ಹೊಡೆದ ಕೇಸ್ ಆದರೆ ಭುಜವನ್ನು (ಕತ್ತಿನ ಕೆಳಗಿನ ಇಳಿಜಾರು) 0.05 ಮಿಲಿಮೀಟರ್‌ನಷ್ಟು ಮಾತ್ರ ಹಿಂದಕ್ಕೆ ತಳ್ಳಿ. ಜಾಸ್ತಿ ತಳ್ಳಿದರೆ ಪ್ರತಿ ಹೊಡೆತಕ್ಕೂ ಹಿತ್ತಾಳೆ ಎಳೆದುಕೊಂಡು ಬುಡದ ಹತ್ತಿರ ತೆಳುವಾಗುತ್ತದೆ. ಉದ್ದ 55 ಮಿಲಿಮೀಟರ್ ಮೀರಿದರೆ ಕತ್ತರಿಸಿ, ಬಾಯಿಯ ಅಂಚು ನಯ ಮಾಡಿ. ಆಮೇಲೆ ಪ್ರೈಮರ್ ಕೂರಿಸಿ. ಬೆರಳಾಡಿಸಿದರೆ ಅದು ಎಲ್ಲೂ ಎದ್ದಿರಬಾರದು.

ಮದ್ದು

ಇಲ್ಲಿ ಅಂದಾಜು ನಡೆಯುವುದಿಲ್ಲ. ಇಷ್ಟು ಗ್ರೇನ್ ಹಾಕಿ ಅಂತ ನಾನು ಬರೆಯುವುದೂ ಇಲ್ಲ. ಮದ್ದು ಅಥವಾ ಗುಂಡು ತಯಾರಿಸುವ ಕಂಪನಿಯ ಇತ್ತೀಚಿನ ಕೈಪಿಡಿ ತೆರೆಯಿರಿ. ನಿಮ್ಮ ಗುಂಡಿಗೆ ಅಲ್ಲಿ ಕೊಟ್ಟ ಆರಂಭದ ಅಳತೆಯಿಂದ ಹೊರಡಿ.

ಇದಕ್ಕೆ ಕಾರಣವಿದೆ. ಎಂ/96ರ ಆ್ಯಕ್ಷನ್ 1898ರ ಮೌಸರ್‌ಗಿಂತ ಹಿಂದಿನದು. ಅದರ ಬೋಲ್ಟ್‌ನಲ್ಲಿರುವ ಮೂರನೇ ಸುರಕ್ಷತಾ ಲಗ್ (ಬೋಲ್ಟನ್ನು ಹಿಡಿದಿಡುವ ಉಬ್ಬು) ಇದರಲ್ಲಿಲ್ಲ. ಕೇಸ್ ಒಡೆದರೆ ಹಿಂದಕ್ಕೆ ನುಗ್ಗುವ ಅನಿಲವನ್ನು ತಡೆಯುವ ಏರ್ಪಾಡೂ ಕಡಿಮೆ. ಸ್ವೀಡನ್ ಒಳ್ಳೆಯ ಉಕ್ಕನ್ನೇ ಬಳಸಿತು ನಿಜ, ಆದರೆ ವಿನ್ಯಾಸದ ಮಿತಿ ಹಾಗೇ ಉಳಿಯುತ್ತದೆ. ಕೆಲವು ಕೈಪಿಡಿಗಳಲ್ಲಿ ಹೊಸ, ಗಟ್ಟಿ ರೈಫಲ್‌ಗಳಿಗೆಂದೇ ಬೇರೆ ಪಟ್ಟಿ ಇರುತ್ತದೆ. ಅದು ನಿಮಗಲ್ಲ. ಬೋಲ್ಟ್ ಎತ್ತಲು ಬಿಗಿಯಾದರೆ, ಪ್ರೈಮರ್ ಚಪ್ಪಟೆಯಾದರೆ ಅಲ್ಲೇ ನಿಲ್ಲಿಸಿ. ಹಳೇ ಆ್ಯಕ್ಷನ್‌ನಲ್ಲಿ ಈ ಗುರುತು ಕಾಣುವಷ್ಟರಲ್ಲಿ ಒತ್ತಡ ಮಿತಿ ದಾಟಿರಬಹುದು. ಆದ್ದರಿಂದ ಗುರುತು ಕಾಣಲಿಲ್ಲ ಎಂದು ಮದ್ದು ಏರಿಸುತ್ತಾ ಹೋಗಬೇಡಿ. ಕಾಗದದ ಗುರಿಗೆ ವೇಗಕ್ಕಿಂತ ಒಂದೇ ಸಮನಾದ ವೇಗ ಮುಖ್ಯ.

ಪ್ರತಿ ಕೇಸ್‌ಗೂ ಮದ್ದು ತೂಗಿ ಹಾಕಿ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ. ತುಂಬಿದ ಮೇಲೆ ಟಾರ್ಚ್ ಹಿಡಿದು ಎಲ್ಲ ಕೇಸ್‌ಗಳಲ್ಲೂ ಮಟ್ಟ ಒಂದೇ ಇದೆಯಾ ನೋಡಿ.

ಗುಂಡು ಕೂರಿಸಿ, ಹೊಡೆದು ನೋಡಿ

ತೋಟಾದ ಒಟ್ಟು ಉದ್ದದ ಮಿತಿ 80 ಮಿಲಿಮೀಟರ್. ಹಳೇ ಗಂಟಲು ಸವೆದಿದ್ದರೆ ಅಷ್ಟುದ್ದ ಕೂರಿಸಿದರೂ ಗುಂಡು ಗೀರು ಮುಟ್ಟದಿರಬಹುದು. ಮುಟ್ಟಿಸಲೇಬೇಕು ಅಂತ ಗುಂಡನ್ನು ಹೊರಗೆ ಎಳೆಯುತ್ತಾ ಹೋಗಬೇಡಿ. ಕೇಸ್‌ನ ಕತ್ತು ಅದನ್ನು ಬಿಗಿಯಾಗಿ ಹಿಡಿದಿರಬೇಕು.

ರೇಂಜ್‌ನಲ್ಲಿ 100 ಮೀಟರ್‌ಗೆ ಐದೈದು ತೋಟಾದ ಗುಂಪು ಹೊಡೆಯಿರಿ. ಎಂ/96ರ ಸೈಟ್ 300 ಮೀಟರ್‌ನಿಂದ ಶುರುವಾಗುತ್ತದೆ. ಹಾಗಾಗಿ ಹತ್ತಿರದಲ್ಲಿ ಗುಂಡು ಗುರಿಗಿಂತ ಮೇಲೆ ಬೀಳುತ್ತದೆ. ತೋಟಾದ ತಪ್ಪು ಅಂದುಕೊಳ್ಳಬೇಡಿ, ಎತ್ತರದ ಮುಂದಿನ ಸೈಟ್ ಹಾಕಿಸಿ. ಸಿಜಿ63ರ ಡಯಾಪ್ಟರ್‌ನಲ್ಲಿ ಈ ತೊಂದರೆ ಇಲ್ಲ, ತಿರುಪು ತಿರುಗಿಸಿದರೆ ಸಾಕು.

ಬೋಲ್ಟ್ ಮುಂದಕ್ಕೆ ತಳ್ಳುವಾಗ ಸ್ಪ್ರಿಂಗ್ ಬಿಗಿಯಾಗುತ್ತದೆ, ಅರ್ಧಕ್ಕೆ ಕೈ ಸಡಿಲಿಸದೆ ಗಟ್ಟಿಯಾಗಿ ತಳ್ಳಿ ಮುಚ್ಚಿ. ಎಂ/96ರ ಟ್ರಿಗರ್ ಎರಡು ಹಂತದ್ದು. ಮೊದಲ ಸಡಿಲ ಎಳೆದು, ತಡೆ ಸಿಕ್ಕಲ್ಲಿ ನಿಂತು, ಉಸಿರು ಹಿಡಿದು ನಿಧಾನಕ್ಕೆ ಒತ್ತಿ. ನಳಿಗೆ ಬಿಸಿಯಾದರೆ ಆರಲು ಬಿಡಿ. ಒಳ್ಳೆಯ ಗುಂಪು ಸಿಕ್ಕಿದ ತೋಟಾದ ಗುಂಡು, ಮದ್ದಿನ ತೂಕ, ಪ್ರೈಮರ್, ಉದ್ದ ನಾಲ್ಕನ್ನೂ ಡಬ್ಬಿಯ ಮೇಲೆ ಬರೆದಿಡಿ. 300 ಮೀಟರ್‌ಗೆ ಅದನ್ನೇ ಒಯ್ಯಿರಿ.