5 ವೋಲ್ಟ್‌ನ ಸೆನ್ಸರನ್ನು ಇಎಸ್‌ಪಿ32ಕ್ಕೆ ಹೊಂದಿಸಿದ ಬಗೆ

ಚನ್ನಗಿರಿ ಕಡೆಯ ನಮ್ಮ ಅಡಿಕೆ ತೋಟದ ತೊಟ್ಟಿಯ ನೀರಿನ ಮಟ್ಟವನ್ನು ಫೋನಿನಲ್ಲೇ ನೋಡುವಂತಾಗಲೆಂದು ಆರ್ಡುಯಿನೊ ಊನೊ ಎಂಬ ಸಣ್ಣ ನಿಯಂತ್ರಕ ಬೋರ್ಡಿನ ಜಾಗಕ್ಕೆ ವೈಫೈ ಇರುವ ಇಎಸ್‌ಪಿ32 ತರಬೇಕಾಯಿತು. ತೊಡಕಿದ್ದದ್ದು ವೋಲ್ಟೇಜಿನಲ್ಲಿ. ನೀರಿನ ಒತ್ತಡದಿಂದ ಮಟ್ಟ ತಿಳಿಸುವ ಸೆನ್ಸರ್ 5 ವೋಲ್ಟ್‌ನಲ್ಲಿ ನಡೆದು 0.5ರಿಂದ 4.5 ವೋಲ್ಟ್‌ವರೆಗೆ ಸಂಕೇತ ಕೊಡುತ್ತದೆ. ಇಎಸ್‌ಪಿ32ರ ಪಿನ್ನುಗಳು 3.3 ವೋಲ್ಟ್‌ಗಿಂತ ಹೆಚ್ಚಿನದನ್ನು ತಾಳುವಂಥವಲ್ಲ.

10 ಕಿಲೋಓಮ್ ಮತ್ತು 20 ಕಿಲೋಓಮ್ ರೆಸಿಸ್ಟರುಗಳ ವಿಭಾಜಕವನ್ನು (ವೋಲ್ಟೇಜನ್ನು ಹಂಚಿ ತಗ್ಗಿಸುವ ಜೋಡಣೆ) ಹಾಕಿದರೆ 4.5 ವೋಲ್ಟ್ 3ಕ್ಕೆ ಇಳಿಯುತ್ತದೆ, ಪಿನ್ನಿಗೆ ಅಪಾಯವೂ ಇಲ್ಲ. ಆದರೆ ಇಎಸ್‌ಪಿ32ರ ಎಡಿಸಿ (ವೋಲ್ಟೇಜನ್ನು ಅಳೆದು ಅಂಕಿಯಾಗಿಸುವ ಭಾಗ) ಸುಮಾರು 2.45 ವೋಲ್ಟ್ ದಾಟಿದ ಮೇಲೆ ನಂಬಿಕೆಗೆ ತಕ್ಕಷ್ಟು ನೇರವಾಗಿ ಅಳೆಯುವುದಿಲ್ಲವಾದ್ದರಿಂದ, ತೊಟ್ಟಿ ತುಂಬುವ ಹೊತ್ತಿನಲ್ಲೇ, ಅಂದರೆ ಸರಿಯಾದ ಅಂಕಿ ಬೇಕಾದಾಗಲೇ, ಲೆಕ್ಕ ತಪ್ಪುತ್ತದೆ. ಹಾಗಾಗಿ ಎರಡೂ ಕಡೆ 10 ಕಿಲೋಓಮ್ ಹಾಕಿದೆ, ಸಂಕೇತ 0.25ರಿಂದ 2.25 ವೋಲ್ಟ್‌ನೊಳಗೆ ನಿಂತಿತು. ಪಿನ್ನಿನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದ ಮೇಲೆ ಅಂಕಿಗಳ ಕುಣಿತವೂ ತಗ್ಗಿತು.

ಇಎಸ್‌ಪಿ32ರಲ್ಲಿ ಎರಡು ಎಡಿಸಿಗಳಿದ್ದು, ವೈಫೈ ನಡೆಯುವಾಗ ಎರಡನೆಯದರ ಪಿನ್ನುಗಳನ್ನು ನೆಚ್ಚುವಂತಿಲ್ಲ. ಮೊದಲನೆಯದಕ್ಕೆ ಸೇರಿದ 34ನೇ ಪಿನ್ನನ್ನೇ ಆರಿಸಿಕೊಂಡೆ.

ಇಷ್ಟಾದರೂ ಪಂಪು ಶುರುವಾದೊಡನೆ ಮಟ್ಟ ಕುಸಿದಂತೆ ಕಾಣುತ್ತಿತ್ತು. ಮಲ್ಟಿಮೀಟರಿನಲ್ಲಿ ನೋಡಿದರೆ ಇಳಿಯುತ್ತಿದ್ದದ್ದು ನೀರಲ್ಲ, 5 ವೋಲ್ಟ್‌ನ ಸರಬರಾಜು; ಈ ಬಗೆಯ ಸೆನ್ಸರಿನ ಸಂಕೇತ ಅದರೊಂದಿಗೇ ಏರಿಳಿಯುತ್ತದೆ. 20 ಮತ್ತು 10 ಕಿಲೋಓಮ್‌ಗಳ ಇನ್ನೊಂದು ವಿಭಾಜಕದಿಂದ ಸರಬರಾಜನ್ನೂ 35ನೇ ಪಿನ್ನಿನಲ್ಲಿ ಅಳೆದು, ಎರಡರ ಅನುಪಾತದಿಂದ ಮಟ್ಟ ಲೆಕ್ಕಹಾಕುವಂತೆ ಪ್ರೋಗ್ರಾಮ್ ತಿದ್ದಿದೆ. ಈಗ ಪಂಪು ಓಡುತ್ತಿರುವಾಗಲೂ ಅಂಕಿ ಅಲುಗುವುದಿಲ್ಲ.